ಒಂದೇ ಕಂಪ್ಯೂಟರ್, ಎರಡು ವಿಂಡೋಸ್: ಲೈಸೆನ್ಸ್ ಒಂದು ಸಾಕಾ?

ನನ್ನ ಅಕ್ಕನ ಮಗಳು ಮನೆಯಿಂದಲೇ ಆಫೀಸ್ ಕೆಲಸ ಮಾಡುತ್ತಾಳೆ. ಬಿಡುವಾದಾಗ ಹಾಡು ರೆಕಾರ್ಡ್ ಮಾಡುವ ಹವ್ಯಾಸ ಅವಳದು. ಎರಡೂ ಕೆಲಸ ಒಂದಕ್ಕೊಂದು ತೊಡಕಾಗಬಾರದು ಅಂತ ತನ್ನ ಲ್ಯಾಪ್‌ಟಾಪ್‌ನ ಡಿಸ್ಕನ್ನು ಎರಡು ಪಾರ್ಟಿಷನ್ ಮಾಡಿ, ಎರಡರಲ್ಲೂ ವಿಂಡೋಸ್ 11 ಹಾಕಿಕೊಂಡಳು. ಆನ್ ಮಾಡುವಾಗ ಯಾವುದು ಬೇಕೋ ಅದನ್ನು ಆರಿಸಿದರಾಯಿತು. "ಮಾವ, ಎರಡನೇದು ಕೀ ಕೇಳಲೇ ಇಲ್ಲ. ತಾನಾಗೇ ಆ್ಯಕ್ಟಿವೇಟ್ ಆಯ್ತು. ಅಂದ್ಮೇಲೆ ಸರಿ ತಾನೇ?" ಎಂದು ಕೇಳಿದಳು.

ಸರಿಯಲ್ಲ. ಆದರೆ ಅವಳಿಗೆ ಹಾಗನ್ನಿಸಿದ್ದರಲ್ಲಿ ಏನೂ ತಪ್ಪಿಲ್ಲ.

ವಿಂಡೋಸ್ ಹಾಕುವಾಗ ಉದ್ದನೆಯ ಒಪ್ಪಂದವೊಂದು ತೆರೆಯ ಮೇಲೆ ಬರುತ್ತದೆ. ನಾವೆಲ್ಲ ಓದದೆ ಒಪ್ಪಿಕೊಳ್ಳುತ್ತೇವೆ. ಈ ಸಾಫ್ಟ್‌ವೇರನ್ನು ನಿಮಗೆ ಮಾರುತ್ತಿಲ್ಲ, ಬಳಸಲು ಅನುಮತಿ ಕೊಡುತ್ತಿದ್ದೇವೆ ಅಂತ ಅದರಲ್ಲಿ ಇದೆ. ಆ ಅನುಮತಿ ಎಷ್ಟಕ್ಕೆ? ಒಂದು ಸಾಧನದಲ್ಲಿ ಒಂದು ಪ್ರತಿಯನ್ನು ಹಾಕಿ ಓಡಿಸುವುದಕ್ಕೆ. ವರ್ಚುವಲ್ ಯಂತ್ರದೊಳಗೆ, ಅಂದರೆ ಕಂಪ್ಯೂಟರ್‌ನೊಳಗೆ ಸಾಫ್ಟ್‌ವೇರ್‌ನಿಂದಲೇ ಮಾಡಿದ ಇನ್ನೊಂದು ಕಂಪ್ಯೂಟರ್‌ನೊಳಗೆ, ಮತ್ತೊಂದು ವಿಂಡೋಸ್ ಹಾಕಬೇಕೆಂದರೆ ಅದಕ್ಕೂ ಬೇರೆ ಲೈಸೆನ್ಸ್ ಬೇಕು.

"ಒಂದು ಸಲಕ್ಕೆ ಓಡೋದು ಒಂದೇ ಅಲ್ವಾ?" ಎನ್ನುವುದು ಅವಳ ಮುಂದಿನ ಪ್ರಶ್ನೆ. ಒಳ್ಳೆಯ ವಾದವೇ. ಆದರೆ ಒಪ್ಪಂದ ಓಡುವುದನ್ನು ಮಾತ್ರ ಎಣಿಸುವುದಿಲ್ಲ. ಹಾಕುವುದನ್ನೂ ಎಣಿಸುತ್ತದೆ. ಆಫ್ ಆಗಿ ಮಲಗಿರುವ ಎರಡನೇ ವಿಂಡೋಸ್ ಕೂಡ ಲೆಕ್ಕಕ್ಕೆ ಬರುತ್ತದೆ. ಅಪ್‌ಗ್ರೇಡ್ ಮಾಡಿದವರಿಗೂ ಇಂಥದ್ದೇ ಒಂದು ಕಟ್ಟು ಇದೆ. ವಿಂಡೋಸ್ 7ರ ಒಪ್ಪಂದದ ಪ್ರಕಾರ, ಅಪ್‌ಗ್ರೇಡ್ ಪ್ರತಿ ತೆಗೆದುಕೊಂಡ ಮೇಲೆ ಹಳೆಯ ವಿಂಡೋಸನ್ನು ಬಳಸುವಂತಿಲ್ಲ. ಹಳೆಯದನ್ನು ಒಂದು ಪಾರ್ಟಿಷನ್‌ನಲ್ಲಿ ಉಳಿಸಿಕೊಳ್ಳೋಣ ಎನ್ನುವ ಆಸೆಗೆ ಅಲ್ಲಿ ಜಾಗವಿಲ್ಲ.

ಇಷ್ಟೊಂದು ಲೆಕ್ಕ ಯಾಕೆ? ಪುಸ್ತಕಕ್ಕೂ ಸಾಫ್ಟ್‌ವೇರ್‌ಗೂ ಇರುವ ಒಂದು ವ್ಯತ್ಯಾಸದಿಂದ. ಪುಸ್ತಕವನ್ನು ನೂರು ಸಲ ಓದಿದರೂ ಅದರ ನಕಲು ಹುಟ್ಟುವುದಿಲ್ಲ. ಸಾಫ್ಟ್‌ವೇರ್ ಹಾಗಲ್ಲ. ಡಿಸ್ಕಿಗೆ ಹಾಕಿದರೆ ಒಂದು ನಕಲು. ಓಡಿಸಿದಾಗ ಮೆಮೊರಿಯಲ್ಲಿ ಮತ್ತೊಂದು. ನಕಲು ಮಾಡುವ ಹಕ್ಕು ಕಾಪಿರೈಟ್ ಇರುವವರದ್ದು. ಹಾಗಾಗಿ ಸುಮ್ನೆ ಬಳಸುವುದೂ ಕಾನೂನಿನ ಅಂಗಳಕ್ಕೆ ಬಂದುಬಿಡುತ್ತದೆ. ಮೆಮೊರಿಗೆ ತುಂಬುವುದೂ ನಕಲು ಮಾಡಿದ ಹಾಗೇ ಎಂದು ಅಮೆರಿಕದ ಮೇಲ್ಮನವಿ ನ್ಯಾಯಾಲಯವೊಂದು 1993ರಲ್ಲೇ ಹೇಳಿತು. ನಮ್ಮ 1957ರ ಕಾಪಿರೈಟ್ ಕಾಯ್ದೆಯ 52ನೇ ಸೆಕ್ಷನ್ ಬಳಕೆದಾರರಿಗೆ ಸ್ವಲ್ಪ ಉಸಿರಾಡಲು ಬಿಡುತ್ತದೆ. ನ್ಯಾಯವಾಗಿ ಪಡೆದವರು ಅದು ಯಾವ ಕೆಲಸಕ್ಕೆ ಸಿಕ್ಕಿತೋ ಆ ಕೆಲಸಕ್ಕಾಗಿ ನಕಲು ಮಾಡಬಹುದು. ಕಳೆದುಹೋದರೆ ಇರಲಿ ಎಂದು ಬ್ಯಾಕಪ್ ಇಟ್ಟುಕೊಳ್ಳಬಹುದು. ಆದರೆ ದಿನವೂ ಹಾಡು ರೆಕಾರ್ಡ್ ಮಾಡುವ ಎರಡನೇ ವಿಂಡೋಸನ್ನು ಬ್ಯಾಕಪ್ ಎನ್ನಲು ನನಗಂತೂ ಮನಸ್ಸು ಒಪ್ಪುವುದಿಲ್ಲ.

ಹಾಗಾದರೆ ಅದು ಆ್ಯಕ್ಟಿವೇಟ್ ಆಗಿದ್ದು ಹೇಗೆ? 2001ರಲ್ಲಿ ವಿಂಡೋಸ್ ಎಕ್ಸ್‌ಪಿ ಬಂದಾಗ ಮನೆಬಳಕೆಯ ವಿಂಡೋಸ್‌ಗೆ ಆ್ಯಕ್ಟಿವೇಷನ್ ಎಂಬ, ಲೈಸೆನ್ಸ್ ಇದೆಯೇ ಎಂದು ನೋಡುವ ಕಾವಲು ಬಂತು. 25 ಅಕ್ಷರ-ಅಂಕಿಗಳ ಕೀ ಕೊಡಬೇಕು. ಕಂಪ್ಯೂಟರ್‌ನ ಬಿಡಿಭಾಗಗಳಿಂದ ಒಂದು ಗುರುತು ತಯಾರಾಗಿ, ಕೀ ಜೊತೆ ಅದೂ ಮೈಕ್ರೋಸಾಫ್ಟ್‌ನಲ್ಲಿ ದಾಖಲಾಗುತ್ತದೆ. ವಿಂಡೋಸ್ 8ರ ಕಾಲದಿಂದ ಲ್ಯಾಪ್‌ಟಾಪ್ ತಯಾರಕರು ಕೀಯನ್ನು ಮದರ್‌ಬೋರ್ಡಿನ ಚಿಪ್‌ನಲ್ಲೇ ಬರೆದಿಡುತ್ತಿದ್ದಾರೆ. ವಿಂಡೋಸ್ 10ರಿಂದ ಡಿಜಿಟಲ್ ಲೈಸೆನ್ಸ್ ಬಂದಿದೆ. ಯಂತ್ರದ ಗುರುತೇ ಸರ್ವರ್‌ನಲ್ಲಿ ಇರುತ್ತದೆ. ಡಿಸ್ಕ್ ಕೆಟ್ಟು ಹೊಸದಾಗಿ ವಿಂಡೋಸ್ ಹಾಕಿದರೆ, "ಈ ಯಂತ್ರ ಗೊತ್ತಿರುವುದೇ" ಎಂದು ಅದು ಒಪ್ಪಿಕೊಳ್ಳುತ್ತದೆ. ಕೀ ಹುಡುಕಾಡುವ ಕಷ್ಟ ಇಲ್ಲ. ನಿಜಕ್ಕೂ ಒಳ್ಳೆಯ ಅನುಕೂಲ.

ತೊಡಕೂ ಇಲ್ಲೇ ಇದೆ. ಹಳೆಯದನ್ನು ಅಳಿಸಿ ಮತ್ತೆ ಹಾಕಿದರೂ ಮದರ್‌ಬೋರ್ಡ್ ಅದೇ. ಪಕ್ಕದ ಪಾರ್ಟಿಷನ್‌ನಲ್ಲಿ ಎರಡನೆಯದು ಹಾಕಿದರೂ ಅದೇ. ಎರಡೂ ಒಂದೇ ಆವೃತ್ತಿಯಾಗಿದ್ದರೆ (ಎರಡೂ ಹೋಮ್, ಇಲ್ಲವೇ ಎರಡೂ ಪ್ರೊ) ಕಾವಲಿಗೆ ವ್ಯತ್ಯಾಸ ಕಾಣುವುದಿಲ್ಲ. ಅಪಾರ್ಟ್‌ಮೆಂಟ್ ಗೇಟಿನ ವಾಚ್‌ಮನ್ ಮುಖ ಗುರುತು ಹಿಡಿದು ಒಳಗೆ ಬಿಡುತ್ತಾನಲ್ಲ, ಹಾಗೆ. ಒಳಗೆ ಹೋದವರು ಒಂದು ಮನೆಯಲ್ಲಿದ್ದಾರೋ ಖಾಲಿ ಇದ್ದ ಪಕ್ಕದ ಮನೆಯಲ್ಲೂ ಸಾಮಾನು ಇಟ್ಟಿದ್ದಾರೋ ಅವನಿಗೆ ತಿಳಿಯದು. ಬಾಡಿಗೆ ಕರಾರು ಇರುವುದು ಓನರ್ ಹತ್ತಿರ.

ಆ್ಯಕ್ಟಿವೇಟ್ ಆಗಿದೆ ಎಂಬ ಸಾಲು ಓದಿದ ಯಾರಿಗಾದರೂ ಎಲ್ಲ ಸರಿಯಿದೆ ಅನ್ನಿಸುತ್ತದೆ. ಪ್ರಾಮಾಣಿಕರು ಗೊತ್ತಿಲ್ಲದೆ ಒಪ್ಪಂದ ಮೀರುವುದು ಇಂಥ ಕಡೆಯೇ. ನಿಯಮ ಇಷ್ಟು ಬಿಗಿಯಾಗಿರುವ ಅಗತ್ಯವೂ ನನಗೆ ಕಾಣುವುದಿಲ್ಲ. ಒಬ್ಬರೇ ಮನುಷ್ಯ, ಒಂದೇ ಯಂತ್ರ, ಒಂದು ಸಲಕ್ಕೆ ಒಂದೇ ವಿಂಡೋಸ್. ಇದಕ್ಕೆ ಎರಡು ಸಲ ದುಡ್ಡು ಯಾಕೆ? ಆ್ಯಪಲ್ ತನ್ನ ಮ್ಯಾಕ್‌ಗಳಲ್ಲಿ ಸ್ವಲ್ಪ ಕೈ ಸಡಿಲ ಬಿಟ್ಟಿದೆ. ಮ್ಯಾಕ್‌ಓಎಸ್ ಓಡುತ್ತಿರುವ ಆ್ಯಪಲ್ ಕಂಪ್ಯೂಟರ್‌ನಲ್ಲಿ, ವರ್ಚುವಲ್ ಯಂತ್ರಗಳೊಳಗೆ ಇನ್ನೂ ಎರಡು ಪ್ರತಿಗಳನ್ನು ಸ್ವಂತ ಬಳಕೆಗೆ ಹಾಕಿಕೊಳ್ಳಬಹುದು. ವಿಂಡೋಸ್‌ಗೆ ಬದಲಾಗಿ ಬಳಸಬಹುದಾದ ಲಿನಕ್ಸ್‌ನ ತಿರುಳಿಗೆ (ಕರ್ನಲ್) ಅನ್ವಯಿಸುವ ಜಿಪಿಎಲ್ ಎಂಬ ಮುಕ್ತ ಲೈಸೆನ್ಸಿನ ಎರಡನೇ ಆವೃತ್ತಿ 1991ರದ್ದು. ಪ್ರೋಗ್ರಾಂ ಓಡಿಸುವುದಕ್ಕೆ ಯಾವ ಕಟ್ಟುಪಾಡೂ ಇಲ್ಲ ಎಂದು ಅದರಲ್ಲೇ ಬರೆದಿದೆ. ಅಲ್ಲಿ ಎಷ್ಟು ಸಲ ಹಾಕಿದಿರಿ ಎಂದು ಯಾರೂ ಕೇಳುವುದಿಲ್ಲ.

ಅಪರಿಚಿತ ಪ್ರೋಗ್ರಾಂಗಳನ್ನು ಪರೀಕ್ಷಿಸಲಷ್ಟೇ ಇನ್ನೊಂದು ವಿಂಡೋಸ್ ಬೇಕೆನ್ನುವವರಿಗೆ ಪ್ರೊ ಆವೃತ್ತಿಯಲ್ಲಿ 2019ರಿಂದ ವಿಂಡೋಸ್ ಸ್ಯಾಂಡ್‌ಬಾಕ್ಸ್ ಇದೆ. ಅದು ವಿಂಡೋಸ್‌ನ ಭಾಗವೇ. ಮುಚ್ಚಿದರೆ ಒಳಗಿದ್ದದ್ದೆಲ್ಲ ಅಳಿಸಿಹೋಗುತ್ತದೆ. ಹಾಗಾಗಿ ಹಾಡು ರೆಕಾರ್ಡ್ ಮಾಡುವವರಿಗೆ ಅದರಿಂದ ಉಪಯೋಗವಿಲ್ಲ. ಅಕ್ಕನ ಮಗಳು ಎರಡನೇ ಪಾರ್ಟಿಷನ್ ಅಳಿಸಿ, ಅಲ್ಲಿ ಉಬುಂಟು ಸ್ಟುಡಿಯೋ ಹಾಕಿಕೊಂಡಳು. ಸಂಗೀತ, ವಿಡಿಯೋ ಕೆಲಸ ಮಾಡುವವರಿಗೆಂದೇ ಮಾಡಿದ ಲಿನಕ್ಸ್ ಅದು. ಹಾಕುವ ಮುಂಚೆ ಈ ಸಲ ಲೈಸೆನ್ಸ್ ಪುಟವನ್ನು ಪೂರ್ತಿ ಓದಿದಳು, ಅರ್ಥವಾಗದ ಕಡೆ ನನಗೆ ಫೋನ್ ಮಾಡಿ ಕೇಳುತ್ತಾ.