ನೀಲಿ ಪರದೆಯನ್ನು ಓದದೆ ರಿಪೇರಿಗೆ ಇಳಿಯಬೇಡಿ

ಮದರ್‌ಬೋರ್ಡ್ ಸತ್ತಿದೆ, ಡಿಸ್ಕ್ ಚೆನ್ನಾಗಿದೆ. ನನ್ನ ಕೈಗೆ ಬರುವ ಹಳೆಯ ಕಂಪ್ಯೂಟರುಗಳಲ್ಲಿ ಹೆಚ್ಚಿನವುಗಳ ಕಥೆ ಇಷ್ಟೇ. ಆ ಡಿಸ್ಕಿನಲ್ಲಿ ಪ್ರಯೋಗಾಲಯದ ಯಾವುದೋ ಉಪಕರಣವನ್ನು ನಡೆಸುವ ತಂತ್ರಾಂಶ ಇರುತ್ತದೆ. ಅದನ್ನು ಬರೆದ ಕಂಪನಿ ಮುಚ್ಚಿ ವರ್ಷಗಳಾಗಿರುತ್ತವೆ, ಸಿಡಿ ಕಳೆದುಹೋಗಿರುತ್ತದೆ, ಪರವಾನಗಿಯ ಸಂಖ್ಯೆ ಯಾರ ಬಳಿಯೂ ಇರುವುದಿಲ್ಲ. ಹೊಸದಾಗಿ ವಿಂಡೋಸ್ ಹಾಕಿಬಿಡಿ ಎಂಬ ಸಲಹೆಗೆ ಅಲ್ಲಿ ಬೆಲೆಯಿಲ್ಲ. ಇದ್ದ ವ್ಯವಸ್ಥೆಯನ್ನೇ ಬೇರೆ ಯಂತ್ರದಲ್ಲಿ ಎಬ್ಬಿಸಬೇಕು.

ಡಿಸ್ಕನ್ನು ಹೊಸ ಯಂತ್ರಕ್ಕೆ ಜೋಡಿಸಿದಾಗ ಸಾಮಾನ್ಯವಾಗಿ ಆಗುವುದೇನು? ವಿಂಡೋಸ್ ಲಾಂಛನ ಕಾಣಿಸುತ್ತದೆ, ನೀಲಿ ಪರದೆ ಮಿಂಚಿ ಮಾಯವಾಗುತ್ತದೆ, ಯಂತ್ರ ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಗಾಬರಿಯಾದವರು ಸಿಕ್ಕ ರಿಪೇರಿ ಉಪಾಯಗಳನ್ನೆಲ್ಲ ಒಂದರ ಹಿಂದೊಂದರಂತೆ ಪ್ರಯೋಗಿಸುತ್ತಾರೆ: ಡಿಸ್ಕಿನ ಮೊದಲ ಸೆಕ್ಟರಾದ ಎಂಬಿಆರ್ ಅನ್ನು ಹೊಸದಾಗಿ ಬರೆಯುತ್ತಾರೆ, ವಿಭಾಗದ ಆರಂಭದಲ್ಲಿರುವ ಬೂಟ್ ಸೆಕ್ಟರ್ ಬದಲಿಸುತ್ತಾರೆ, ಯಾವ ವಿಂಡೋಸನ್ನು ಎಲ್ಲಿಂದ ಎಬ್ಬಿಸಬೇಕೆಂದು ಹೇಳುವ ಬೂಟ್ ಪಟ್ಟಿಯನ್ನು ಅಳಿಸಿ ಮತ್ತೆ ಕಟ್ಟುತ್ತಾರೆ. ಲಾಂಛನ ಕಾಣಿಸಿತು ಎಂದರೆ ಅವೆಲ್ಲವೂ ತಮ್ಮ ಕೆಲಸವನ್ನು ಸರಿಯಾಗಿಯೇ ಮುಗಿಸಿದ್ದವು. ಕೆಡದೇ ಇದ್ದುದನ್ನು ರಿಪೇರಿ ಮಾಡಲು ಹೋಗಿ ನಿಜವಾಗಿಯೂ ಕೆಡಿಸಿಕೊಂಡ ಡಿಸ್ಕುಗಳನ್ನು ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಆದ್ದರಿಂದ ಮೊದಲು ಆ ಪರದೆಯನ್ನು ನಿಲ್ಲಿಸಿ ಓದಬೇಕು. ಎಕ್ಸ್‌ಪಿ, ವಿಸ್ಟಾ, ವಿಂಡೋಸ್ 7ರಲ್ಲಿ ಆರಂಭದಲ್ಲೇ ಎಫ್8 ಒತ್ತಿದರೆ, ದೋಷ ಬಂದಾಗ ತಾನಾಗಿ ಮರುಪ್ರಾರಂಭವಾಗುವುದನ್ನು ತಡೆಯುವ ಆಯ್ಕೆ ಸಿಗುತ್ತದೆ. ಬಹುಪಾಲು ಸಲ ಅಲ್ಲಿ ಕಾಣುವ ಸಂಖ್ಯೆಯ ಕೊನೆ 7ಬಿ. ಬೂಟ್ ಆಗಬೇಕಾದ ಡಿಸ್ಕ್ ನನ್ನ ಕೈಗೆ ಸಿಗುತ್ತಿಲ್ಲ ಎಂದು ವಿಂಡೋಸಿನ ತಿರುಳಾದ ಕರ್ನಲ್ ಹೇಳುವ ಮಾತು ಅದು.

ಇದು ವಿಚಿತ್ರವೆನಿಸುತ್ತದೆ. ಕರ್ನಲ್ ಬಂದದ್ದೇ ಆ ಡಿಸ್ಕಿನಿಂದ, ಈಗ ಅದೇ ಡಿಸ್ಕ್ ಸಿಗುತ್ತಿಲ್ಲವೆಂದರೆ ಹೇಗೆ? ಉತ್ತರ ಹಸ್ತಾಂತರದ ಗಳಿಗೆಯಲ್ಲಿದೆ. ಕರ್ನಲನ್ನು ಎಬ್ಬಿಸುವ ಬೂಟ್ ಲೋಡರ್ ಡಿಸ್ಕನ್ನು ಓದುವುದು ಮದರ್‌ಬೋರ್ಡಿನ ಆರಂಭಿಕ ತಂತ್ರಾಂಶದ (ಹಳೆಯದಾದರೆ ಬಯಾಸ್, ಹೊಸದಾದರೆ ಯುಇಎಫ್‌ಐ) ನೆರವಿನಿಂದ, ಅಂದರೆ ಎರವಲು ಕಣ್ಣಿನಿಂದ. ಕರ್ನಲ್, ವಿಂಡೋಸಿನ ಸೆಟ್ಟಿಂಗುಗಳ ಕೋಶವಾದ ರಿಜಿಸ್ಟ್ರಿಯ ಸಿಸ್ಟಂ ಭಾಗ, ಬೂಟ್ ಹೊತ್ತಿಗೇ ಬೇಕೆಂದು ಗುರುತು ಮಾಡಿದ ಡ್ರೈವರುಗಳು (ಒಂದೊಂದು ಯಂತ್ರಾಂಶವನ್ನು ನಡೆಸುವ ತಂತ್ರಾಂಶಗಳು), ಇಷ್ಟನ್ನು ಅದು ಮೆಮೊರಿಗೆ ತಂದು ಹಾಕುತ್ತದೆ. ಅಲ್ಲಿಂದ ಮುಂದೆ ಕರ್ನಲ್ ಆ ಎರವಲನ್ನು ಬಿಟ್ಟು ತನ್ನ ಸ್ವಂತ ಡ್ರೈವರಿನಿಂದ ಡಿಸ್ಕನ್ನು ನೋಡಬೇಕು. ಹೊಸ ಬೋರ್ಡಿನ ಡಿಸ್ಕ್ ನಿಯಂತ್ರಕಕ್ಕೆ ಒಪ್ಪುವ ಡ್ರೈವರ್ ಆ ಗುರುತು ಮಾಡಿದ ಪಟ್ಟಿಯಲ್ಲಿ ಇಲ್ಲದಿದ್ದರೆ ಅದಕ್ಕೆ ಕತ್ತಲೆ ಕವಿಯುತ್ತದೆ. ಧ್ವನಿಯ ಡ್ರೈವರ್, ಪರದೆಯ ಡ್ರೈವರ್ ಇಲ್ಲದಿದ್ದರೆ ಬೂಟ್ ಆದ ಮೇಲೆ ಹಾಕಿಕೊಳ್ಳಬಹುದು. ಡಿಸ್ಕಿನ ಡ್ರೈವರಿಗೆ ಮಾತ್ರ ಆ ಸಾವಕಾಶವಿಲ್ಲ.

ಒಂದು ಪ್ರಕರಣ ಹೇಳುತ್ತೇನೆ. ವಿಂಡೋಸ್ 7 ಇದ್ದ ಡಿಸ್ಕ್ ನನ್ನ ಬಳಿಗೆ ಬರುವ ಹೊತ್ತಿಗೆ ಮೂರು ದಿನ ಬೇರೆಯವರ ರಿಪೇರಿ ಕಂಡಿತ್ತು. ಹಳೆಯ ಯಂತ್ರದಲ್ಲಿ ಡಿಸ್ಕ್ ಜೋಡಣೆಯ ಸಾಟಾ ನಿಯಂತ್ರಕ ಹಳೆಯ ಐಡಿಇ ರೀತಿಯಲ್ಲಿತ್ತು, ಹೊಸದರಲ್ಲಿ ಅದರ ನಂತರ ಬಂದ ಎಎಚ್‌ಸಿಐ ರೀತಿಯಲ್ಲಿ. ಬೇಕಾದ ಡ್ರೈವರ್ ಎಂಎಸ್‌ಎಎಚ್‌ಸಿಐ ಆ ಡಿಸ್ಕಿನಲ್ಲಿಯೇ ಇತ್ತು. ಆದರೆ ವಿಂಡೋಸ್ ತನ್ನನ್ನು ಅನುಸ್ಥಾಪಿಸಿಕೊಳ್ಳುವಾಗ, ಆ ಯಂತ್ರಕ್ಕೆ ಬೇಡವಾದ ಡಿಸ್ಕ್ ಡ್ರೈವರುಗಳನ್ನು ಬೂಟ್ ಹೊತ್ತಿಗೆ ಬೇಕಾದ ಡ್ರೈವರುಗಳ ಪಟ್ಟಿಯಿಂದ ಬದಿಗಿಟ್ಟುಬಿಡುತ್ತದೆ. ರಿಜಿಸ್ಟ್ರಿಯಲ್ಲಿ ಅದರ ‘ಸ್ಟಾರ್ಟ್’ ಮೌಲ್ಯ 3 (ಬೇಕೆಂದಾಗ) ಎಂದಿತ್ತು, ಅದು 0 (ಬೂಟ್ ಹೊತ್ತಿಗೇ) ಆಗಬೇಕಿತ್ತು. ಮೂರು ದಿನದ ಒದ್ದಾಟದ ಮೂಲ ಆ ಒಂದೇ ಅಂಕೆ. ನನ್ನ ಹೆಚ್ಚಿನ ಹೊತ್ತು ಕಳೆದದ್ದು ಮಾತ್ರ ನಡುವೆ ಅಳಿಸಿಹೋಗಿದ್ದ ಬೂಟ್ ಪಟ್ಟಿಯನ್ನು ಮತ್ತೆ ಕಟ್ಟುವುದರಲ್ಲಿ.

ಬೂಟ್ ಆಗದ ವ್ಯವಸ್ಥೆಯ ರಿಜಿಸ್ಟ್ರಿಯನ್ನು ಹೊರಗಿನಿಂದಲೇ ತಿದ್ದಬಹುದು. ಅನುಸ್ಥಾಪನಾ ಡಿಸ್ಕಿನ ದುರಸ್ತಿ ಪರಿಸರದಿಂದಾಗಲಿ, ಬೇರೆ ವಿಂಡೋಸ್ ಯಂತ್ರಕ್ಕೆ ಜೋಡಿಸಿಯಾಗಲಿ, ಹಳೆಯ ವಿಂಡೋಸಿನ ಸಿಸ್ಟಂ32 ಫೋಲ್ಡರಿನ ಕಾನ್ಫಿಗ್ ಒಳಗಿರುವ ‘ಸಿಸ್ಟಂ’ ಕಡತವನ್ನು ರಿಜಿಸ್ಟ್ರಿ ಎಡಿಟರಿನಲ್ಲಿ ಬೇರೆ ಹೆಸರಿನಿಂದ ತೆರೆಯಬೇಕು. ಹೊಸಬರು ಇಲ್ಲೊಂದು ಕಡೆ ದಾರಿ ತಪ್ಪುತ್ತಾರೆ. ನಡೆಯುತ್ತಿರುವ ವಿಂಡೋಸಿನಲ್ಲಿ ಕಾಣುವ ‘ಕರೆಂಟ್ ಕಂಟ್ರೋಲ್ ಸೆಟ್’ ಹೀಗೆ ತೆರೆದಾಗ ಇರುವುದಿಲ್ಲ. ‘ಸೆಲೆಕ್ಟ್’ ಎಂಬ ಕೀಲಿಯಲ್ಲಿ ‘ಕರೆಂಟ್’ ಮೌಲ್ಯ 1 ಎಂದಿದ್ದರೆ ತಿದ್ದಬೇಕಾದದ್ದು 001 ಸಂಖ್ಯೆಯ ಸೆಟ್ಟನ್ನು. ಕೆಲಸ ಮುಗಿದ ಮೇಲೆ ಆ ಕಡತವನ್ನು ಅನ್‌ಲೋಡ್ ಮಾಡಿಯೇ ಏಳಬೇಕು. ವಿಂಡೋಸ್ 8ರಿಂದ ಡ್ರೈವರಿನ ಹೆಸರು ಸ್ಟೋರ್‌ಎಎಚ್‌ಸಿಐ. ಅದರ ಕೆಳಗೆ ‘ಸ್ಟಾರ್ಟ್ ಓವರ್‌ರೈಡ್’ ಎಂಬ ಉಪಕೀಲಿ ಇದ್ದರೆ ಅಲ್ಲಿಯ ಮೌಲ್ಯವನ್ನೂ 0 ಮಾಡದೆ ಫಲವಿಲ್ಲ.

ಇಷ್ಟಕ್ಕೂ ಮೊದಲು ಒಂದು ಸುಲಭ ದಾರಿಯನ್ನು ನೋಡಿಬಿಡಿ. ಹೊಸ ಬೋರ್ಡಿನ ಬಯಾಸ್‌ನಲ್ಲಿ ಸಾಟಾ ರೀತಿಯನ್ನು ಹಳೆಯ ಯಂತ್ರದಲ್ಲಿದ್ದಂತೆ ಬದಲಿಸಲು ಬಂದರೆ ಡಿಸ್ಕಿನ ಒಂದು ಬೈಟನ್ನೂ ಮುಟ್ಟದೆ ಕೆಲಸ ಮುಗಿಯಬಹುದು. ಡ್ರೈವರ್ ಡಿಸ್ಕಿನಲ್ಲಿ ಇಲ್ಲವೇ ಇಲ್ಲ ಎನ್ನುವಾಗ, ವಿಂಡೋಸ್ 7 ಅಥವಾ ನಂತರದ್ದಾದರೆ, ಡಿಸ್ಮ್ ಎಂಬ ಆದೇಶದಿಂದ ಹೊರಗಿನಿಂದಲೇ ಸೇರಿಸಬಹುದು. ಹೊಸ ಬಗೆಯ ವೇಗದ ಎನ್‌ವಿಎಂಇ ಡಿಸ್ಕಿಗೆ ವಿಂಡೋಸ್ 7ರಲ್ಲಿ ಮೂಲತಃ ಡ್ರೈವರ್ ಇರಲಿಲ್ಲ. ಮೈಕ್ರೋಸಾಫ್ಟ್ ಆಮೇಲೆ ಕೆಬಿ2990941 ಎಂಬ ತಿದ್ದುಪಡಿಯ ಮೂಲಕ ಅದನ್ನು ಒದಗಿಸಿತು.

ಎಕ್ಸ್‌ಪಿಯದು ಇನ್ನೂ ಹಟದ ಸ್ವಭಾವ. ಅದಕ್ಕೆ ಎಎಚ್‌ಸಿಐ ಗೊತ್ತೇ ಇಲ್ಲ. ಜೊತೆಗೆ ಕರ್ನಲಿಗೂ ಯಂತ್ರಾಂಶಕ್ಕೂ ನಡುವಿನ ಪದರವಾದ ಎಚ್‌ಎಎಲ್ ಕಡತವನ್ನು, ಯಂತ್ರದ ಬಗೆಗೆ ತಕ್ಕಂತೆ, ಅನುಸ್ಥಾಪನೆಯ ದಿನವೇ ಆರಿಸಿಕೊಂಡಿರುತ್ತದೆ. ಬಗೆ ಹೊಂದದಿದ್ದರೆ ಅದರ ಸಿಡಿಯಿಂದ ರಿಪೇರಿ ಅನುಸ್ಥಾಪನೆ ಮಾಡಬೇಕಾಗುತ್ತದೆ. ಇಂಟೆಲ್ ಪ್ರೊಸೆಸರಿನಿಂದ ಎಎಂಡಿಗೆ ಸಾಗಿಸಿದಾಗ 7ಇ ದೋಷ ಬಂದರೆ ಇಂಟೆಲ್‌ಪಿಪಿಎಂ ಎಂಬ ಡ್ರೈವರಿನ ಸ್ಟಾರ್ಟ್ ಮೌಲ್ಯವನ್ನು 4 ಮಾಡಿ ಮಲಗಿಸಿದರೆ ಸಾಕಾಗುವುದುಂಟು.

ಲಾಂಛನವೂ ಕಾಣದೆ ಬೂಟ್ ಡಿಸ್ಕ್ ಇಲ್ಲವೆಂಬ ಸಂದೇಶ ಬಂದರೆ ಅದು ಬೇರೆಯೇ ಸಮಸ್ಯೆ. ಹಳೆಯ ಡಿಸ್ಕ್ ಎಂಬಿಆರ್ ಪದ್ಧತಿಯದು. ಹಳೆಯ ಬಯಾಸ್ ರೀತಿಯನ್ನು ಅನುಕರಿಸುವ ಸಿಎಸ್‌ಎಂ ಸೌಲಭ್ಯ ಇಲ್ಲದ ಯುಇಎಫ್‌ಐ ಬೋರ್ಡಿಗೆ ಅದರಿಂದ ಬೂಟ್ ಮಾಡಲು ಬರುವುದಿಲ್ಲ. ವಿಂಡೋಸ್ 10 ಆಗಿದ್ದರೆ, 1703 ಆವೃತ್ತಿಯಿಂದ ಜೊತೆಗೇ ಬರುವ ಎಂಬಿಆರ್2ಜಿಪಿಟಿ ಉಪಕರಣ ದತ್ತಾಂಶ ಉಳಿಸಿಕೊಂಡೇ ಡಿಸ್ಕನ್ನು ಯುಇಎಫ್‌ಐಗೆ ಒಪ್ಪುವ ಜಿಪಿಟಿ ಪದ್ಧತಿಗೆ ಪರಿವರ್ತಿಸುತ್ತದೆ. ವಿಂಡೋಸ್ 7ಕ್ಕೆ ಈ ದಾರಿ ಕಷ್ಟದ್ದು. ಅದರ 32 ಬಿಟ್ ಆವೃತ್ತಿ ಶುದ್ಧ ಯುಇಎಫ್‌ಐ ರೀತಿಯಲ್ಲಿ ಬೂಟ್ ಆಗುವುದೇ ಇಲ್ಲ, 64 ಬಿಟ್ ಆವೃತ್ತಿಯೂ ಪರದೆಗಾಗಿ ಹಳೆಯ ಬಯಾಸ್ ಸೇವೆಯನ್ನು ಹುಡುಕಿ ಲಾಂಛನದಲ್ಲೇ ನಿಂತುಬಿಡುತ್ತದೆ. ಬೂಟ್ ಆಯಿತೆಂದೇ ಇಟ್ಟುಕೊಳ್ಳಿ, ಯುಎಸ್‌ಬಿ 3 ಡ್ರೈವರ್ ಇಲ್ಲದ ಕಾರಣ ಕೀಬೋರ್ಡ್, ಮೌಸ್ ಎರಡೂ ಸತ್ತಿರಬಹುದು.

ಅಂಥ ಬೋರ್ಡಿನೊಂದಿಗೆ ಗುದ್ದಾಡುವುದಕ್ಕಿಂತ ಹಳೆಯ ವ್ಯವಸ್ಥೆಯನ್ನು ವರ್ಚುವಲ್ ಯಂತ್ರದೊಳಗೆ ಇಡುವುದು ಮೇಲು ಎಂಬುದು ನನ್ನ ದೃಢ ಅಭಿಪ್ರಾಯ. ಅಲ್ಲಿ ಬಯಾಸ್ ರೀತಿ, ಐಡಿಇ ನಿಯಂತ್ರಕ ಎಲ್ಲವನ್ನೂ ಹಳೆಯ ಕಾಲದಂತೆಯೇ ಆರಿಸಿಕೊಳ್ಳಬಹುದು. ಉಪಕರಣ ಸೀರಿಯಲ್ ಪೋರ್ಟಿನಲ್ಲಿ ಮಾತಾಡುವುದಾದರೆ ಅದನ್ನೂ ಒಳಗೆ ದಾಟಿಸಬಹುದು. ಪಿಸಿಐ ಕಾರ್ಡೇ ಬೇಕೆನ್ನುವ ಉಪಕರಣವಾದರೆ ಮಾತ್ರ ಆ ಸ್ಲಾಟ್ ಇರುವ ಹಳೆಯ ಬೋರ್ಡನ್ನೇ ಹುಡುಕುತ್ತೇನೆ.

ಲಿನಕ್ಸ್ ಇಷ್ಟು ಕಾಡುವುದಿಲ್ಲ. ಆದರೂ ಬೂಟ್ ಹೊತ್ತಿಗೆ ಬೇಕಾದ ಡ್ರೈವರುಗಳ ಕಟ್ಟಾದ ಇನಿಟ್‌ರಾಮ್‌ಎಫ್‌ಎಸ್ ಅನ್ನು ಹಳೆಯ ಯಂತ್ರಕ್ಕೆ ಬೇಕಾದ ಮಾಡ್ಯೂಲುಗಳಷ್ಟರಿಂದಲೇ ಕಟ್ಟಿದ್ದರೆ ಅಲ್ಲಿಯೂ ಇದೇ ಕತ್ತಲೆ. ಲೈವ್ ಯುಎಸ್‌ಬಿಯಿಂದ ಒಳಹೊಕ್ಕು ಅದನ್ನು ಮತ್ತೆ ಕಟ್ಟಬೇಕು, ಯಾವ ವಿಭಾಗವನ್ನು ಎಲ್ಲಿ ಜೋಡಿಸಬೇಕೆಂದು ಹೇಳುವ ಎಫ್‌ಎಸ್‌ಟ್ಯಾಬ್ ಕಡತದಲ್ಲಿ ಡಿಸ್ಕಿನ ಹೆಸರಿನ ಬದಲು ವಿಭಾಗದ ಸ್ಥಿರ ಗುರುತಾದ ಯುಯುಐಡಿ ಇದೆಯೇ ನೋಡಬೇಕು.

ಇದರಲ್ಲಿ ಯಾವ ಪ್ರಯೋಗವನ್ನೂ ನಾನು ಮೂಲ ಡಿಸ್ಕಿನ ಮೇಲೆ ಮಾಡುವುದಿಲ್ಲ. ಸೆಕ್ಟರ್ ಸೆಕ್ಟರಾಗಿ ಪ್ರತಿ ತೆಗೆದು ಮೂಲವನ್ನು ಕಪಾಟಿನಲ್ಲಿಡುತ್ತೇನೆ. ಪ್ರತಿ ಮತ್ತು ಮೂಲ ಎರಡನ್ನೂ ಒಂದೇ ವಿಂಡೋಸ್ ಯಂತ್ರಕ್ಕೆ ಒಟ್ಟಿಗೆ ಜೋಡಿಸುವುದೂ ಇಲ್ಲ. ಎಂಬಿಆರ್‌ನಲ್ಲಿರುವ 4 ಬೈಟಿನ ಡಿಸ್ಕ್ ಗುರುತು ಎರಡರಲ್ಲೂ ಒಂದೇ ಆಗಿರುತ್ತದೆ, ಆ ಘರ್ಷಣೆ ತಪ್ಪಿಸಲು ವಿಂಡೋಸ್ ಒಂದರ ಗುರುತನ್ನು ಬದಲಿಸಿಬಿಡಬಹುದು, ಅದು ಬದಲಾದರೆ ಬೂಟ್ ಪಟ್ಟಿಯ ಕೊಂಡಿ ಕಳಚುತ್ತದೆ. ದತ್ತಾಂಶವನ್ನು ಗೂಢಲಿಪಿಯಲ್ಲಿಡುವ ಬಿಟ್‌ಲಾಕರ್ ಹಾಕಿದ್ದ ಡಿಸ್ಕಾದರೆ 48 ಅಂಕೆಗಳ ಮರುಪಡೆಯುವ ಕೀಲಿ ಕೈಯಲ್ಲಿಲ್ಲದೆ ಕೆಲಸ ಶುರುಮಾಡುವುದೇ ವ್ಯರ್ಥ, ಏಕೆಂದರೆ ಹೊಸ ಬೋರ್ಡಿನಲ್ಲಿ ಕೀಲಿಗಳನ್ನು ಕಾಯುವ ಚಿಪ್ಪಾದ ಟಿಪಿಎಂಗೆ ಹಳೆಯ ಗುಟ್ಟು ತಿಳಿದಿರುವುದಿಲ್ಲ.

ಡೆಸ್ಕ್‌ಟಾಪ್ ಬಂದೊಡನೆ ನೆಟ್‌ವರ್ಕ್ ಕೇಬಲ್ ಜೋಡಿಸಬೇಡಿ. ಎಕ್ಸ್‌ಪಿಗೆ 2014ರ ಏಪ್ರಿಲ್ 8ರಂದು, ವಿಂಡೋಸ್ 7ಕ್ಕೆ 2020ರ ಜನವರಿ 14ರಂದು ಸಾಮಾನ್ಯ ಬೆಂಬಲ ನಿಂತಿದೆ. ಉಪಕರಣಕ್ಕೆ ಒಳಜಾಲ ಬೇಕೇ ಬೇಕೆಂದಾದರೆ ಹೊರಗಿನ ಜಾಲದಿಂದ ಬೇರ್ಪಡಿಸಿ ಕೊಡಿ. ಆಗ ಹಳೆಯ ಸ್ಥಿರ ಐಪಿ ವಿಳಾಸವನ್ನು ಹೊಸ ನೆಟ್‌ವರ್ಕ್ ಕಾರ್ಡಿಗೆ ಕೊಡಲು ಹೋದಾಗ, ಅದು ಇನ್ನೊಂದು ಅಡಾಪ್ಟರಿನ ಬಳಿ ಇದೆ ಎಂದು ವಿಂಡೋಸ್ ತಕರಾರು ತೆಗೆಯಬಹುದು. ಆ ಇನ್ನೊಂದು, ಸತ್ತ ಮದರ್‌ಬೋರ್ಡಿನಲ್ಲಿದ್ದ ಕಾರ್ಡ್. ಡಿವೈಸ್ ಮ್ಯಾನೇಜರಿನಲ್ಲಿ ಮರೆಯಾದ ಸಾಧನಗಳನ್ನು ತೋರಿಸುವಂತೆ ಮಾಡಿ ಅದನ್ನು ತೆಗೆದುಹಾಕಿದರೆ ವಿಳಾಸ ಬಿಡುಗಡೆಯಾಗುತ್ತದೆ.