ದಾಳ ಉರುಳಿಸಲು ತಿಂಗಳ ಚಂದಾ ಬೇಕೇ?

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ 1974ರಲ್ಲಿ ಮೊದಲ ಸಲ ಮಾರಾಟಕ್ಕೆ ಬಂದಾಗ ಪೆಟ್ಟಿಗೆಯೊಂದರ ಬೆಲೆ 10 ಡಾಲರ್. ಒಳಗೆ ಮೂರು ತೆಳು ಪುಸ್ತಿಕೆಗಳು. ಮೊದಲ ಮುದ್ರಣ 1,000 ಪ್ರತಿ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರೂಪಿಸಿದ ಆ ಆಟವನ್ನು ಒಮ್ಮೆ ಕೊಂಡವರು ಹಾಳೆ ಹರಿಯುವವರೆಗೂ ಆಡಬಹುದಿತ್ತು. ಇವತ್ತು ಅದೇ ಆಟದ ಅಧಿಕೃತ ಡಿಜಿಟಲ್ ಸೇವೆಯಾದ ಡಿ ಅಂಡ್ ಡಿ ಬಿಯಾಂಡ್‌ನ ಮೇಲ್ದರ್ಜೆಯ ಚಂದಾ ತಿಂಗಳಿಗೆ 5.99 ಡಾಲರ್. ಪುಸ್ತಕಗಳ ಬೆಲೆ ಬೇರೆ. ಕಾರ್ಡಿನ ವಿದೇಶಿ ವಿನಿಮಯ ಶುಲ್ಕವನ್ನೂ ಸೇರಿಸಿ ರೂಪಾಯಿಗೆ ತಂದರೆ ಐನೂರು ದಾಟುತ್ತದೆ. ಕಲಬುರಗಿಯಲ್ಲಿ ಕೋಣೆ ಹಿಡಿದು ಇಂಜಿನಿಯರಿಂಗ್ ಓದುವವನ ಕೈಖರ್ಚಿನಲ್ಲಿ ಇದು ಸಣ್ಣ ಮೊತ್ತವಲ್ಲ.

ಆಟ ಗೊತ್ತಿಲ್ಲದವರಿಗಾಗಿ ಎರಡು ಮಾತು. ನಾಲ್ಕೈದು ಜನ ಸುತ್ತ ಕೂರುತ್ತಾರೆ, ಒಬ್ಬೊಬ್ಬರಿಗೆ ಒಂದೊಂದು ಪಾತ್ರ. ಇನ್ನೊಬ್ಬರು ಡಂಜನ್ ಮಾಸ್ಟರ್. ನಮ್ಮ ಕಡೆಯ ದೊಡ್ಡಾಟ ನೋಡಿದವರಿಗೆ ಈ ಹುದ್ದೆ ಅಪರಿಚಿತವೇನಲ್ಲ. ರಂಗಕ್ಕೆ ಬಂದ ಪಾತ್ರವನ್ನು ತಾವು ಯಾರು, ಬಂದ ಕಾರಣವೇನು ಎಂದು ಕೇಳಿ ಕಥೆಯನ್ನು ಮುಂದಕ್ಕೆ ನಡೆಸುವ ಸಾರಥಿಯ ಕೆಲಸವೇ ಅದು. ಆದರೆ ಇಲ್ಲಿ ಮುಂದೇನಾಗುತ್ತದೆ ಎಂಬುದು ಸಾರಥಿಗೂ ಪೂರ್ತಿ ತಿಳಿದಿರುವುದಿಲ್ಲ. ಇಪ್ಪತ್ತು ಮುಖದ ದಾಳ ಹೇಳಬೇಕು.

ಸೇಡಂ ರಸ್ತೆಯ ಕಡೆ ನಾನು ಕೂರುವ ಗುಂಪಿನಲ್ಲಿ ಸದ್ಯದ ಕಥೆ ನಡೆಯುವುದು ಬೀದರ್‌ನ ನೌಬಾದ್ ಕರೇಜ್‌ನಂಥ ನೆಲದಡಿಯ ನೀರಿನ ಸುರಂಗದಲ್ಲಿ. ಬಹಮನಿ ಕಾಲದ ಆ ಸುರಂಗದ ಮೇಲೆ ಸಾಲಾಗಿ ಬಾವಿಗಳಿವೆ. ಗಾಳಿ ಬೆಳಕು ಬರುವುದು ಅವುಗಳಿಂದಲೇ. ನಮ್ಮ ಸಾರಥಿ ಗ್ರಾಫ್ ಹಾಳೆಯ ಮೇಲೆ ಒಂದು ಚೌಕಕ್ಕೆ ಐದು ಅಡಿ ಎಂದು ಲೆಕ್ಕ ಹಿಡಿದು ಸುರಂಗ ಎಳೆದಿದ್ದಾನೆ. ಬಾವಿ ಇರುವಲ್ಲಿ ಸೊನ್ನೆ, ನೀರು ಮೊಣಕಾಲು ಮುಟ್ಟುವಲ್ಲಿ ಓರೆ ಗೆರೆ. ನಾವು ಇನ್ನೂ ಕಾಣದ ಭಾಗದ ಮೇಲೆ ಹಳೆಯ ಪತ್ರಿಕೆಯ ತುಂಡು. ಪಾತ್ರಗಳು ಮುಂದೆ ಹೋದಂತೆ ಅವನು ಕಾಗದವನ್ನು ಒಂದೊಂದು ಬೆರಳು ಸರಿಸುತ್ತಾನೆ. ಕಂಪ್ಯೂಟರಿನಲ್ಲಿ ಇದೇ ಕೆಲಸಕ್ಕೆ ಡೈನಾಮಿಕ್ ಲೈಟಿಂಗ್ ಎನ್ನುತ್ತಾರೆ. 2012ರಲ್ಲಿ ಶುರುವಾದ ರೋಲ್20 ಎಂಬ ಜನಪ್ರಿಯ ಸೇವೆ ಬಹುಕಾಲ ಆ ಸೌಲಭ್ಯವನ್ನು ಚಂದಾದಾರರಿಗೆ ಮಾತ್ರ ಕೊಡುತ್ತಿತ್ತು.

ಹಾಗೆಂದು ಡಿಜಿಟಲ್ ಸಾಧನಗಳಲ್ಲಿ ಹುರುಳಿಲ್ಲ ಎನ್ನುವಂತಿಲ್ಲ. ಆಟಗಾರರ ಕೈಪಿಡಿಯೊಂದೇ ಮುನ್ನೂರು ಪುಟ ಮೀರುತ್ತದೆ. ಪಾತ್ರವೊಂದು ಒಂದು ಹಂತ ಮೇಲೇರಿದರೆ ಪ್ರಾಣಾಂಕ, ಮಂತ್ರಗಳ ಸಂಖ್ಯೆ, ಏಟಿನ ಲೆಕ್ಕ ಎಲ್ಲವನ್ನೂ ತಿದ್ದಬೇಕು. ಹೊಸಬರು ಇಲ್ಲಿಯೇ ಸೋತು ಕೈಚೆಲ್ಲುತ್ತಾರೆ. ಸಾಫ್ಟ್‌ವೇರ್ ಆ ಲೆಕ್ಕವನ್ನು ಕ್ಷಣದಲ್ಲಿ ಮುಗಿಸುತ್ತದೆ. ಆ ಅನುಕೂಲಕ್ಕೆ ಹಣ ಕೇಳಿದರೆ ತಪ್ಪಲ್ಲ. ಹಣ ಕೊಟ್ಟ ಮೇಲೆ ಏನು ನಮ್ಮದಾಗುತ್ತದೆ ಎಂಬಲ್ಲಿ ತಕರಾರು ಹುಟ್ಟುತ್ತದೆ, ಮತ್ತು ಈ ತಕರಾರು ಇಂದು ನಿನ್ನೆಯದಲ್ಲ.

ಮೂಲ ಪ್ರಕಾಶಕ ಟಿಎಸ್‌ಆರ್ ಕಂಪನಿಯನ್ನು ವಿಝರ್ಡ್ಸ್ ಆಫ್ ದ ಕೋಸ್ಟ್ 1997ರಲ್ಲಿ ಕೊಂಡಿತು. ಎರಡು ವರ್ಷಗಳಲ್ಲಿ ವಿಝರ್ಡ್ಸ್ ಅನ್ನೇ ಆಟಿಕೆ ಕಂಪನಿ ಹ್ಯಾಸ್ಬ್ರೊ ಕೊಂಡಿತು. 2000ದಲ್ಲಿ ಮೂರನೆಯ ಆವೃತ್ತಿ ಬಂದಾಗ ಕೈಪಿಡಿಯ ಜೊತೆ ಪಾತ್ರ ರೂಪಿಸುವ ತಂತ್ರಾಂಶದ ಒಂದು ಸಿಡಿ ಇಟ್ಟಿದ್ದರು. ಸಿಡಿ ನಿಮ್ಮದು, ಕಂಪ್ಯೂಟರ್ ನಿಮ್ಮದು, ಯಾರೂ ಬಂದು ಕಿತ್ತುಕೊಳ್ಳುವಂತಿರಲಿಲ್ಲ.

2008ರಲ್ಲಿ ನಾಲ್ಕನೆಯ ಆವೃತ್ತಿಯೊಂದಿಗೆ ಡಿ ಅಂಡ್ ಡಿ ಇನ್‌ಸೈಡರ್ ಎಂಬ ಚಂದಾ ಸೇವೆ ಬಂತು. ದೂರವಿರುವ ಗೆಳೆಯರು ಒಟ್ಟಿಗೆ ಆಡುವ ಡಿಜಿಟಲ್ ಮೇಜಿನ ಭರವಸೆಯೂ ಅದರ ಜೊತೆಗಿತ್ತು. ಹೇಳಿದ ಕಾಲಕ್ಕೆ ಅದು ಬರಲಿಲ್ಲ. ಬಂದದ್ದು ಪಾತ್ರ ರೂಪಿಸುವ ತಂತ್ರಾಂಶ. ಮೊದಲಿಗೆ ಅದನ್ನು ಇಳಿಸಿಕೊಂಡು ಇಂಟರ್ನೆಟ್ ಇಲ್ಲದೆಯೂ ಬಳಸಬಹುದಿತ್ತು. ಬುದ್ಧಿವಂತರು ಒಂದು ತಿಂಗಳ ಚಂದಾ ಕಟ್ಟಿ, ಹೊಸ ನಿಯಮಗಳನ್ನೆಲ್ಲ ಇಳಿಸಿಕೊಂಡು, ಚಂದಾ ನಿಲ್ಲಿಸಿ ಹಾಯಾಗಿ ಆಡುತ್ತಿದ್ದರು. ಕಂಪನಿ 2010ರ ನವೆಂಬರ್‌ನಲ್ಲಿ ಅದನ್ನು ಬ್ರೌಸರಿನೊಳಗೆ, ಮೈಕ್ರೋಸಾಫ್ಟ್‌ನ ಸಿಲ್ವರ್‌ಲೈಟ್ ಎಂಬ ತಂತ್ರಾಂಶದ ಮೇಲೆ ಕೂರಿಸಿತು. ಅಲ್ಲಿಂದಾಚೆಗೆ ಚಂದಾ ನಿಂತರೆ ಉಪಕರಣವೂ ನಿಂತಂತೆ. ಕೊನೆಗೆ ಸಿಲ್ವರ್‌ಲೈಟ್‌ಗೇ ವಯಸ್ಸಾಗಿ ಬ್ರೌಸರುಗಳು ಅದನ್ನು ಕೈಬಿಟ್ಟವು. 2020 ಕಾಲಿಡುತ್ತಿದ್ದಂತೆ ಆ ಸಾಧನಗಳೂ ಮುಚ್ಚಿದವು. ನಾಲ್ಕನೆಯ ಆವೃತ್ತಿಯ ಪುಸ್ತಕ ಕೊಂಡವರು ಇಂದಿಗೂ ಆಡುತ್ತಾರೆ. ಚಂದಾ ಕಟ್ಟಿದವರ ಬಳಿ ಅಂದು ಮುದ್ರಿಸಿಕೊಂಡ ಹಾಳೆಗಳಿದ್ದರೆ ಇವೆ, ಇಲ್ಲದಿದ್ದರೆ ಇಲ್ಲ. ಇಡೀ ಇತಿಹಾಸದಲ್ಲಿ ನನಗೆ ಮುಖ್ಯವೆನಿಸುವ ಘಟನೆ ಇದೇ, ಮುಂದಿನವು ಬಹುಪಾಲು ಇದರ ಪುನರಾವರ್ತನೆ.

ಡಿ ಅಂಡ್ ಡಿ ಬಿಯಾಂಡ್ 2017ರಲ್ಲಿ ಬಂದಾಗ ಅದು ವಿಝರ್ಡ್ಸ್‌ನ ಸ್ವಂತದ್ದೂ ಆಗಿರಲಿಲ್ಲ. ಕರ್ಸ್ ಎಂಬ ಸಂಸ್ಥೆ ಪರವಾನಗಿ ಪಡೆದು ಕಟ್ಟಿದ್ದು. ಕೆಲಸ ಅಚ್ಚುಕಟ್ಟಾಗಿತ್ತು. ಉಚಿತ ಖಾತೆಯಲ್ಲಿ ಆರು ಪಾತ್ರ. ಮೇಲ್ದರ್ಜೆಯ ಚಂದಾ ಇದ್ದರೆ, ಒಬ್ಬರು ಕೊಂಡ ಡಿಜಿಟಲ್ ಪುಸ್ತಕವನ್ನು ಗುಂಪಿನವರೆಲ್ಲ ಓದಬಹುದು. 2020ರ ಲಾಕ್‌ಡೌನ್‌ನಲ್ಲಿ ಮೇಜಿನ ಸುತ್ತ ಕೂರುವುದೇ ನಿಂತಾಗ ಇಂಥ ಸೇವೆಗಳ ಕಡೆ ಜನ ಮುಗಿಬಿದ್ದರು. 2022ರ ಏಪ್ರಿಲ್‌ನಲ್ಲಿ ಹ್ಯಾಸ್ಬ್ರೊ 14.63 ಕೋಟಿ ಡಾಲರ್‌ಗೆ ಬಿಯಾಂಡ್ ಅನ್ನು ಕೊಳ್ಳುವ ಒಪ್ಪಂದ ಘೋಷಿಸಿತು.

ಆ ಹಣ ಎಲ್ಲಿಂದ ಹುಟ್ಟಬೇಕು ಎಂಬುದು ಅದೇ ಡಿಸೆಂಬರ್‌ನಲ್ಲಿ ಬಯಲಾಯಿತು. ಡಂಜನ್ ಮಾಸ್ಟರ್‌ಗಳು ಆಟಗಾರರಲ್ಲಿ ಐದನೇ ಒಂದರಷ್ಟಿದ್ದರೂ ಹಣ ಖರ್ಚು ಮಾಡುವವರಲ್ಲಿ ಅವರ ಪಾಲೇ ದೊಡ್ಡದು, ಉಳಿದವರಿಂದಲೂ ಗಳಿಸುವ ಅವಕಾಶವಿದೆ ಎಂಬರ್ಥದಲ್ಲಿ ವಿಝರ್ಡ್ಸ್‌ನ ಅಂದಿನ ಅಧ್ಯಕ್ಷೆ ಸಿಂಥಿಯಾ ವಿಲಿಯಮ್ಸ್ ಹೂಡಿಕೆದಾರರ ಮುಂದೆ ಮಾತನಾಡಿದರು. ಮರುತಿಂಗಳು, 2023ರ ಜನವರಿಯಲ್ಲಿ, ಆಟದ ಮೂಲ ನಿಯಮ ಬಳಸಿ ಬೇರೆಯವರೂ ಪುಸ್ತಕ ಹೊರತರಲು ಬಿಡುವ ಮುಕ್ತ ಪರವಾನಗಿಯನ್ನು ಬಿಗಿಗೊಳಿಸುವ ಕರಡು ಸೋರಿಕೆಯಾಯಿತು. 2000ದಿಂದ ಆ ಪರವಾನಗಿಯ ನೆರಳಿನಲ್ಲೇ ನೂರಾರು ಸಣ್ಣ ಪ್ರಕಾಶಕರು ಬದುಕಿದ್ದರು. ಸಿಟ್ಟಿಗೆದ್ದ ಆಟಗಾರರು ಪತ್ರ ಬರೆಯುತ್ತ ಕೂರಲಿಲ್ಲ, ಬಿಯಾಂಡ್ ಚಂದಾ ರದ್ದು ಮಾಡತೊಡಗಿದರು. ಜನವರಿ 27ಕ್ಕೆ ಕಂಪನಿ ಹಿಂದೆ ಸರಿದು, ಐದನೆಯ ಆವೃತ್ತಿಯ ಮೂಲ ನಿಯಮಗಳನ್ನು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಬಿಟ್ಟುಕೊಟ್ಟಿತು. ಚಂದಾಕ್ಕೆ ಇಂಥದ್ದೊಂದು ಶಕ್ತಿಯೂ ಇದೆ, ಒಪ್ಪಬೇಕು; ಪುಸ್ತಕ ಕೊಂಡವನಿಗೆ ರದ್ದು ಮಾಡಲು ಏನೂ ಇರುವುದಿಲ್ಲ. ಆ ಜನವರಿಯ ಫಲವಾಗಿ ಮೂಲ ನಿಯಮಗಳನ್ನು, ಕರ್ತೃತ್ವ ಸೂಚಿಸುವ ಒಂದೇ ಷರತ್ತಿನ ಮೇಲೆ, ಯಾರು ಬೇಕಾದರೂ ಕನ್ನಡಕ್ಕೆ ತಂದು ಹಂಚಬಹುದು, ಮಾರಲೂಬಹುದು.

2024ರಲ್ಲಿ ಇನ್ನೆರಡು ಪೆಟ್ಟು ಬಿದ್ದವು. ಇಡೀ ಪುಸ್ತಕ ಕೊಳ್ಳದೆ ಬೇಕಾದ ಮಂತ್ರವನ್ನೋ ರಾಕ್ಷಸನನ್ನೋ ಮಾತ್ರ ಬಿಡಿಯಾಗಿ ಕೊಳ್ಳುವ ಸೌಲಭ್ಯವನ್ನು ಬಿಯಾಂಡ್ ತೆಗೆದುಹಾಕಿತು. ನಮ್ಮಂಥ ಜೇಬಿನವರಿಗೆ ಒಗ್ಗುತ್ತಿದ್ದುದು ಅದೊಂದೇ. ಆಗಸ್ಟ್‌ನಲ್ಲಿ, ಪಾತ್ರಗಳ ಹಾಳೆಯಲ್ಲಿರುವ 2014ರ ಐದನೆಯ ಆವೃತ್ತಿಯ ಮಂತ್ರಗಳ ಜಾಗದಲ್ಲಿ 2024ರ ಪರಿಷ್ಕೃತ ಕೈಪಿಡಿಯವು ಬಂದು ಕೂರುತ್ತವೆ ಎಂದು ಪ್ರಕಟಿಸಿ, ಗಲಾಟೆಯಾದ ಮೇಲೆ ಕೆಲವೇ ದಿನಗಳಲ್ಲಿ ಮಾತು ಹಿಂಪಡೆಯಿತು. ಮುಂದಿನ ವರ್ಷದ ಫೆಬ್ರವರಿಯಲ್ಲಿ ಸಿಜಿಲ್ ಎಂಬ ಮೂರು ಆಯಾಮದ ಮೇಜು ಚಂದಾದಾರರಿಗೆ ಬಂತು. ಮಾರ್ಚ್‌ನಲ್ಲಿ ಅದನ್ನು ಕಟ್ಟಿದ ತಂಡದ ಬಹುಪಾಲು ಜನರ ಕೆಲಸ ಹೋಯಿತು.

ಇದಕ್ಕೆಲ್ಲ ಪ್ರತಿಯಾಗಿ ನಿಂತದ್ದು 2020ರಲ್ಲಿ ಬಂದ ಫೌಂಡ್ರಿ ಎಂಬ ಡಿಜಿಟಲ್ ಮೇಜು. ಒಂದೇ ಸಲ 50 ಡಾಲರ್, ಅದೂ ಸಾರಥಿ ಮಾತ್ರ ಕೊಡಬೇಕು. ಉಳಿದವರು ಬ್ರೌಸರ್ ತೆರೆದು ಒಳಬಂದರಾಯಿತು. ಕೇಳಲು ಸೊಗಸಾಗಿದೆ, ಆದರೆ ನಮ್ಮೂರಿನ ಸಂಪರ್ಕದಲ್ಲಿ ಒಂದು ತೊಡಕಿದೆ. ಫೌಂಡ್ರಿ ಓಡುವುದು ಸಾರಥಿಯ ಕಂಪ್ಯೂಟರಿನಲ್ಲಿ; ಹೊರಗಿನವರು ಅದನ್ನು ತಲುಪಲು ಆ ಮನೆಗೆ ತನ್ನದೇ ಆದ ಇಂಟರ್ನೆಟ್ ವಿಳಾಸ ಬೇಕು. ಮೊಬೈಲ್ ಡೇಟಾದಲ್ಲೂ ಹಲವು ಫೈಬರ್ ಸಂಪರ್ಕಗಳಲ್ಲೂ ಎಷ್ಟೋ ಮನೆಗಳಿಗೆ ಸೇರಿ ಒಂದೇ ವಿಳಾಸವಿರುತ್ತದೆ, ಹೊರಗಿನಿಂದ ಬಾಗಿಲು ತಟ್ಟಿದರೆ ಯಾರ ಮನೆಗೂ ಕೇಳಿಸುವುದಿಲ್ಲ. ದಾರಿಗಳಿಲ್ಲವೆಂದಲ್ಲ. ಹೊರಗಿನವರಿಗೆ ಒಳದಾರಿ ತೆರೆಯುವ ಟನಲ್ ತಂತ್ರಾಂಶ ಹಾಕಿಕೊಳ್ಳಬಹುದು, ಇಲ್ಲವೇ ಬೇರೆಡೆ ಸರ್ವರ್ ಬಾಡಿಗೆಗೆ ಹಿಡಿಯಬಹುದು. ಬಾಡಿಗೆ ಹಿಡಿದರೆ ಮತ್ತೆ ತಿಂಗಳ ಬಿಲ್ಲು, ತಪ್ಪಿಸಿಕೊಂಡು ಬಂದ ಜಾಗಕ್ಕೇ ಹೋಗಿ ನಿಂತಂತೆ.

ಹಣ ಕಟ್ಟುವುದರಲ್ಲೂ ಸುಖವಿಲ್ಲ. ರಿಸರ್ವ್ ಬ್ಯಾಂಕಿನ ನಿಯಮದಿಂದಾಗಿ 2020ರ ಮಾರ್ಚ್‌ನ ನಂತರ ಕೊಟ್ಟ ಕಾರ್ಡುಗಳಲ್ಲಿ ವಿದೇಶಿ ವ್ಯವಹಾರವನ್ನು ನಾವೇ ಕೇಳಿ ತೆರೆಸಿಕೊಳ್ಳಬೇಕು. 2021ರ ಅಕ್ಟೋಬರ್ 1ರಿಂದ, ತಾನಾಗಿ ಕಡಿತವಾಗುವ ಪಾವತಿಗೆ ಮೊದಲೇ ಒಪ್ಪಿಗೆ ನೋಂದಣಿ, ಕಡಿತಕ್ಕೆ 24 ಗಂಟೆ ಮುಂಚೆ ಸೂಚನೆ ಕಡ್ಡಾಯವಾದವು. ಈ ವ್ಯವಸ್ಥೆಗೆ ಒಗ್ಗಿಕೊಳ್ಳದ ಎಷ್ಟೋ ವಿದೇಶಿ ಸೇವೆಗಳ ಚಂದಾ ಆಗ ಅರ್ಧದಲ್ಲೇ ಮುರಿದುಬಿತ್ತು. ಜನ ಬೈದುಕೊಂಡರು, ಮರೆತುಹೋದ ಚಂದಾಗಳು ತಿಂಗಳು ತಿಂಗಳು ಹಣ ಹೀರುವುದು ಎಷ್ಟೋ ಮಂದಿಗೆ ತಪ್ಪಿದ್ದೂ ಅದರಿಂದಲೇ ಎಂದು ನನ್ನ ಅನಿಸಿಕೆ.

ಹಾಗಾದರೆ ಕಟ್ಟಬೇಕೇ? ಉತ್ತರ ನಿಮ್ಮ ಗುಂಪಿನವರು ಎಲ್ಲೆಲ್ಲಿ ಕೂತಿದ್ದಾರೆ ಎಂಬುದರ ಮೇಲಿದೆ. ಎಲ್ಲರೂ ಒಂದೇ ಚಾಪೆಯ ಮೇಲಿದ್ದರೆ ಒಂದು ರೂಪಾಯಿಯೂ ಬೇಡ. ಮೂಲ ನಿಯಮಗಳು ಉಚಿತ, ಗ್ರಾಫ್ ಹಾಳೆ ಯಾವ ಸ್ಟೇಷನರಿ ಅಂಗಡಿಯಲ್ಲೂ ಸಿಗುತ್ತದೆ. ಪಾತ್‌ಫೈಂಡರ್ ಎಂಬ ಇದೇ ಬಗೆಯ ಇನ್ನೊಂದು ಆಟ ಆಡುವವರಿಗಂತೂ ಆ ಆಟದ ನಿಯಮಗಳೆಲ್ಲ ಆರ್ಕೈವ್ಸ್ ಆಫ್ ನೆಥಿಸ್ ತಾಣದಲ್ಲಿ, ಪ್ರಕಾಶಕರ ಸಮ್ಮತಿಯೊಂದಿಗೇ, ಬಿಟ್ಟಿ ಸಿಗುತ್ತವೆ. ಒಬ್ಬರು ಬೀದರ್, ಇನ್ನೊಬ್ಬರು ಪುಣೆ, ಮತ್ತೊಬ್ಬರು ಬೆಂಗಳೂರು ಎಂದಾದರೆ ಮೊದಲು ರೋಲ್20 ಅಥವಾ ಔಲ್‌ಬೇರ್ ರೋಡಿಯೊದ ಉಚಿತ ದರ್ಜೆ ಸಾಕಾಗುತ್ತದೆಯೇ ನೋಡಿ. ಬಹಳ ಮಟ್ಟಿಗೆ ಸಾಕಾಗುತ್ತದೆ. ವರ್ಷಗಟ್ಟಲೆ ಆಡುವ ಗುಂಪು, ತಾಂತ್ರಿಕ ತಲೆನೋವು ಸಹಿಸುವ ಸಾರಥಿ ಎರಡೂ ಇದ್ದರೆ ಫೌಂಡ್ರಿಗೆ ಎಲ್ಲರೂ ಪಾಲು ಹಾಕಿ. ಪಾಲು ಎಂದದ್ದು ಬೇಕೆಂದೇ. ಕಥೆ ಕಟ್ಟುವವನೂ ಅವನೇ, ನಕ್ಷೆ ಎಳೆಯುವವನೂ ಅವನೇ, ಹಣವೂ ಅವನದೇ ಎಂಬ ರೂಢಿ ಅಮೆರಿಕದ ಕಂಪನಿಯ ಲೆಕ್ಕಕ್ಕೆ ಸರಿಹೋಗಬಹುದು, ಗೆಳೆತನದ ಲೆಕ್ಕಕ್ಕೆ ಸರಿಹೋಗುವುದಿಲ್ಲ.

ಬಿಯಾಂಡ್ ಚಂದಾ ಸಾರ್ಥಕವಾಗುವ ಸಂದರ್ಭ ನನಗೆ ಕಾಣುವುದು ಒಂದೇ: ಗುಂಪಿನಲ್ಲೊಬ್ಬರು ಈಗಾಗಲೇ ಹಲವು ಡಿಜಿಟಲ್ ಪುಸ್ತಕ ಕೊಂಡಿದ್ದು, ಅವನ್ನು ಉಳಿದವರಿಗೆ ಹಂಚಬೇಕಾದಾಗ. ಆಗಲೂ ವಾರ್ಷಿಕ ರಿಯಾಯಿತಿಗೆ ಮರುಳಾಗಬೇಡಿ. ಸೆಮಿಸ್ಟರ್ ಪರೀಕ್ಷೆ, ಮದುವೆ ಸೀಸನ್, ಏಪ್ರಿಲ್ ಮೇ ತಿಂಗಳ ಬಿಸಿಲು ಎಂದು ನಮ್ಮಲ್ಲಿ ವರ್ಷದ ಎಷ್ಟೋ ವಾರ ಆಟ ನಿಂತೇ ಇರುತ್ತದೆ. ತಿಂಗಳ ಲೆಕ್ಕದಲ್ಲಿ ಕಟ್ಟಿ, ಆಟ ನಿಂತ ತಿಂಗಳು ನಿಲ್ಲಿಸಿ. ನಿಲ್ಲಿಸುವ ಮುನ್ನ ಎಲ್ಲರ ಪಾತ್ರದ ಹಾಳೆಗಳನ್ನೂ ಪಿಡಿಎಫ್ ಆಗಿ ಇಳಿಸಿಟ್ಟುಕೊಳ್ಳಿ; ಉಚಿತ ಖಾತೆಗೆ ಮರಳಿದಾಗ ಆರಕ್ಕಿಂತ ಹೆಚ್ಚಿನ ಪಾತ್ರಗಳಿಗೆ ಬೀಗ ಬೀಳುತ್ತದೆ.