ಶೇ 0.7ರಿಂದ ಶೇ 0.3ಕ್ಕೆ: ಬ್ರಿಟನ್ನಿನ ವಿದೇಶಿ ನೆರವು ಕರಗಿದ ಬಗೆ

ಶ್ರೀಮಂತ ದೇಶಗಳು ಒಟ್ಟು ರಾಷ್ಟ್ರೀಯ ಆದಾಯದ ಶೇ 0.7ರಷ್ಟನ್ನು ನೆರವಿಗೆ ತೆಗೆದಿಡಬೇಕೆಂದು ವಿಶ್ವಸಂಸ್ಥೆ ನಿರ್ಣಯ ಮಾಡಿದ್ದು 1970ರಲ್ಲಿ. ಬ್ರಿಟನ್ 1974ರಲ್ಲಿ ಗುರಿಯನ್ನು ಒಪ್ಪಿತು, ಮುಟ್ಟಿದ್ದು ಮಾತ್ರ 2013ರಲ್ಲಿ. ಈ ನಡುವೆ ನೆರವು ಎಷ್ಟೋ ಸಲ ವ್ಯಾಪಾರದ ಬೆನ್ನು ಹತ್ತಿ ಹೋಯಿತು. ಮಲೇಷ್ಯಾದ ಪೆರ್ಗೌ ಅಣೆಕಟ್ಟಿಗೆ ಕೊಟ್ಟ 23.4 ಕೋಟಿ ಪೌಂಡ್ ಶಸ್ತ್ರಾಸ್ತ್ರ ಮಾರಾಟದ ಜೊತೆ ತಳುಕು ಹಾಕಿಕೊಂಡಿತ್ತು. 1994ರಲ್ಲಿ ಹೈಕೋರ್ಟ್ ಆ ನೆರವನ್ನೇ ಕಾನೂನುಬಾಹಿರ ಎಂದಿತು. 1997ರಲ್ಲಿ ಅಭಿವೃದ್ಧಿಗೆ ಪ್ರತ್ಯೇಕ ಇಲಾಖೆ, 2002ರಲ್ಲಿ ಬಡತನ ನಿವಾರಣೆಯೇ ನೆರವಿನ ಉದ್ದೇಶವೆಂದ ಕಾಯ್ದೆ ಬಂದವು. (1990ರ ದಶಕದಲ್ಲಿ ಉತ್ತರ ಕನ್ನಡದಲ್ಲಿ ನಡೆದ ಪಶ್ಚಿಮ ಘಟ್ಟ ಅರಣ್ಯ ಯೋಜನೆಗೂ ಹಣ ಬಂದದ್ದು ಬ್ರಿಟನ್ನಿನ ವಿದೇಶಿ ನೆರವಿನಿಂದಲೇ.)

2015ರ ಕಾಯ್ದೆ ಶೇ 0.7ನ್ನು ಕಡ್ಡಾಯ ಮಾಡಿತು. ಆದರೆ ಗುರಿ ತಪ್ಪಿದರೆ ಸಚಿವರು ಸಂಸತ್ತಿನ ಮುಂದೆ ಕಾರಣ ಹೇಳಿದರೆ ಸಾಕು, ಕೋರ್ಟಿನ ದಾರಿ ಮುಚ್ಚಿದೆ. ಹಾಗಾಗಿ ಕೋವಿಡ್ ಕಾಲದ ಸಾಲದ ಕಾರಣ ಕೊಟ್ಟು 2021ರಲ್ಲಿ ಶೇ 0.5ಕ್ಕೆ ಇಳಿಸುವಾಗ ಕಾಯ್ದೆಯನ್ನು ಮುಟ್ಟಬೇಕಾಗಲೇ ಇಲ್ಲ. ಜುಲೈನಲ್ಲಿ ಸಂಸತ್ತು 333–298 ಮತಗಳಿಂದ ಅದಕ್ಕೆ ಒಪ್ಪಿಗೆ ಕೊಟ್ಟಿತು.

ಕತ್ತರಿ ಎಲ್ಲ ಕಡೆ ಸಮನಾಗಿ ಬೀಳುವುದಿಲ್ಲ. ವಿಶ್ವಬ್ಯಾಂಕ್‌ನಂಥ ಸಂಸ್ಥೆಗಳಿಗೆ ಹಲವು ವರ್ಷಗಳ ಹಣಕ್ಕೆ ಮೊದಲೇ ಮಾತು ಕೊಟ್ಟಾಗಿರುತ್ತದೆ, ಅಲ್ಲಿ ಕೈ ಹಾಕುವುದು ಕಷ್ಟ. ಹೊರೆಯೆಲ್ಲ ಉಳಿದ ಕಾರ್ಯಕ್ರಮಗಳ ಮೇಲೆ ಬೀಳುತ್ತದೆ. ವಿಶ್ವಸಂಸ್ಥೆಯ ಜನಸಂಖ್ಯಾ ನಿಧಿ ಬಡ ದೇಶಗಳಿಗೆ ಗರ್ಭನಿರೋಧಕ ಪೂರೈಸುವ ಯೋಜನೆಗೆ 15.4 ಕೋಟಿ ಪೌಂಡ್ ನಿರೀಕ್ಷಿಸಿತ್ತು, ಸಿಕ್ಕಿದ್ದು ಸುಮಾರು 2.3 ಕೋಟಿ. ಪೋಲಿಯೊ ನಿರ್ಮೂಲನೆಯ ಹಣ 10 ಕೋಟಿಯಿಂದ 50 ಲಕ್ಷಕ್ಕೆ ಕುಸಿಯಿತು. ನಡುದಾರಿಯಲ್ಲಿ ಹೀಗೆ ಕೈಬಿಟ್ಟರೆ ಹಿಂದೆ ಹಾಕಿದ ದುಡ್ಡೂ ದಂಡ.

ಇದಕ್ಕಿಂತ ನೋವಿನದು ಲೆಕ್ಕ ಬರೆಯುವ ಕ್ರಮ. ಶ್ರೀಮಂತ ದೇಶಗಳ ಆರ್ಥಿಕ ಸಹಕಾರ ಒಕ್ಕೂಟವಾದ ಒಇಸಿಡಿಯ ನಿಯಮದಂತೆ ದಾನಿ ದೇಶಕ್ಕೇ ಬಂದ ನಿರಾಶ್ರಿತರ ಮೊದಲ 12 ತಿಂಗಳ ಊಟ, ವಸತಿಯ ಖರ್ಚನ್ನೂ ನೆರವೆಂದು ತೋರಿಸಬಹುದು. 2023ರಲ್ಲಿ ಬ್ರಿಟನ್ ಕೊಟ್ಟ ಸುಮಾರು 1,540 ಕೋಟಿ ಪೌಂಡ್ ನೆರವಿನಲ್ಲಿ 430 ಕೋಟಿ ಹೀಗೆ, ಹೋಟೆಲ್ ಬಿಲ್ಲೂ ಸೇರಿ, ಬ್ರಿಟನ್ನಿನ ಒಳಗೇ ಖರ್ಚಾಯಿತು.

2025ರ ಫೆಬ್ರುವರಿ 25ರಂದು ಪ್ರಧಾನಿ ಕೀರ್ ಸ್ಟಾರ್ಮರ್ ರಕ್ಷಣಾ ವೆಚ್ಚ ಹೆಚ್ಚಿಸಲು ನೆರವನ್ನು 2027ಕ್ಕೆ ಶೇ 0.3ಕ್ಕೆ ಇಳಿಸುವುದಾಗಿ ಘೋಷಿಸಿದರು. ಅಭಿವೃದ್ಧಿ ಸಚಿವೆ ಆನೆಲೀಸ್ ಡಾಡ್ಸ್ ಮೂರೇ ದಿನಕ್ಕೆ ರಾಜೀನಾಮೆ ಕೊಟ್ಟರು. ರಕ್ಷಣೆಗೆ ಹೆಚ್ಚು ಹಣ ಬೇಕೆಂಬುದನ್ನು ಅವರೂ ಒಪ್ಪಿದ್ದರು, ಪೂರ್ತಿ ಹೊರೆಯನ್ನು ನೆರವಿನ ತಲೆಗೇ ಕಟ್ಟಿದ್ದಕ್ಕೆ ಅವರ ಆಕ್ಷೇಪ. ನಿರಾಶ್ರಿತರ ಖರ್ಚನ್ನು ಗೃಹ ಇಲಾಖೆಯ ಸ್ವಂತ ಬಜೆಟ್ಟಿಗೆ ವರ್ಗಾಯಿಸದೆ ಹೋದರೆ ಆ ಶೇ 0.3 ಕೂಡ ಪೂರ್ತಿಯಾಗಿ ದೇಶದ ಗಡಿ ದಾಟುವುದಿಲ್ಲ.